ಮೇಜಿನ ಮೇಲೆ ಓಡುವ ಸರ್ಕ್ಯೂಟ್ ತಾರಸಿಯಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದವನು. ತಾರಸಿ ಮೇಲೆ ಸಣ್ಣ ಶೆಡ್ ಕಟ್ಟಿ 8 ಇಂಚಿನ ಶ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪ್ ಇಟ್ಟಿದ್ದೇನೆ. ನವೆಂಬರ್ ಬಂತೆಂದರೆ ರಾತ್ರಿ ಹತ್ತರ ಹೊತ್ತಿಗೆಲ್ಲ ಮುಂದಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಅದಕ್ಕೊಂದು ಡ್ಯೂ ಹೀಟರ್ (ಗಾಜನ್ನು ಬೆಚ್ಚಗಿಟ್ಟು ಇಬ್ಬನಿ ತಡೆಯುವ ಪಟ್ಟಿ) ಕಂಟ್ರೋಲರನ್ನು, ಸೋಲ್ಡರ್ ಇಲ್ಲದೆ ವೈರ್ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮೇಲೆ ಮಾಡಿದೆ: ಇಎಸ್‌ಪಿ32 ಎಂಬ ಸಣ್ಣ ಕಂಪ್ಯೂಟರ್ ಬೋರ್ಡು, ಐಆರ್‌ಎಫ್‌ಜಡ್44ಎನ್ ಮಾಸ್ಫೆಟ್ (ಹೀಟರನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), 12 ವೋಲ್ಟ್ ಬ್ಯಾಟರಿ. ಮೇಜಿನ ಮೇಲೆ ಎಲ್‌ಇಡಿ ಹಾಕಿ ನೋಡಿದಾಗ ಚೆನ್ನಾಗಿತ್ತು. ತಾರಸಿಯಲ್ಲಿ ನಿಜವಾದ ಹೀಟರ್ ಹಾಕಿದರೆ ಮಾಸ್ಫೆಟ್ ಮುಟ್ಟಲಾಗದಷ್ಟು ಬಿಸಿ, ಹೀಟರ್ ಮಾತ್ರ ಸರಿಯಾಗಿ ಬೆಚ್ಚಗಾಗುವುದಿಲ್ಲ. ಅದೇ ಹೊತ್ತಿಗೆ ಟೆಲಿಸ್ಕೋಪ್ ತಿರುಗಿಸಿದರೆ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೋಟರ್ ಪೀಠ) ರೀಸೆಟ್ ಆಗುತ್ತದೆ. ಬ್ಯಾಟರಿ ಕೆಳಗಿನ ಕೋಣೆಯಲ್ಲಿದೆ, 5 ಮೀಟರ್ 7/36 ಹುಕಪ್ ವೈರ್ ಎಳೆದಿದ್ದೇನೆ. ಪಿಸಿಬಿ (ತಾಮ್ರದ ಗೆರೆಗಳನ್ನು ಅಚ್ಚು ಹಾಕಿದ ಬೋರ್ಡು) ಮಾಡಿಸಲೇಬೇಕಾ? ಕೈಯಲ್ಲೇ ವೈರಿಂಗ್ ಮಾಡಿದರೆ ಬಾಳುತ್ತದಾ?

ಉತ್ತರ: ಪಿಸಿಬಿ ಬೇಡ. ನಿಮ್ಮ ಕೆಲಸಕ್ಕೆ ಕೈ ವೈರಿಂಗ್ ಸಾಕು, ನೆಟ್ಟಗೆ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಇದೇ ಸರ್ಕ್ಯೂಟನ್ನು ಹಾಗೇ ಪಿಸಿಬಿಗೆ ಹಾಕಿಸಿದ್ದರೂ ಇದೇ ತೊಂದರೆಗಳು ಬರುತ್ತಿದ್ದವು. ವೀಕ್ಷಣಾಲಯದಲ್ಲಿ ಐಸಿ ಕೆಡುವುದು ಅಪರೂಪ. ಕೆಡುವುದು ಕರೆಂಟು ಹರಿಯುವ ದಾರಿ, ಮತ್ತು ಆ ದಾರಿಯಲ್ಲಿರುವ ಜಾಯಿಂಟುಗಳು. ಡಯಾಗ್ರಾಮ್‌ನಲ್ಲಿ ಇವೆರಡೂ ಕಾಣುವುದಿಲ್ಲ. ಅಲ್ಲಿ ವೈರ್ ಅಂದರೆ ಬರೀ ಒಂದು ಗೆರೆ. ಅದಕ್ಕೆ ರೆಸಿಸ್ಟೆನ್ಸ್ ಇಲ್ಲ, ಕಿಲುಬು ಹಿಡಿಯುವುದಿಲ್ಲ, ಚಳಿಗೆ ಬಿರುಸಾಗುವುದೂ ಇಲ್ಲ.

ಮೊದಲು ಮಾಸ್ಫೆಟ್ ಬಿಸಿಯ ವಿಷಯ. ಐಆರ್‌ಎಫ್‌ಜಡ್44ಎನ್‌ನ ಡೇಟಾಶೀಟ್ ನೋಡಿ. ಗೇಟ್ ಅಂದರೆ ಮಾಸ್ಫೆಟ್ಟನ್ನು ಆನ್-ಆಫ್ ಮಾಡಿಸುವ ಕಾಲು. ಗೇಟ್ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿರುತ್ತದೆ. ಇದನ್ನು ಓದಿ ತುಂಬಾ ಜನ 4 ವೋಲ್ಟ್ ಕೊಟ್ಟರೆ ಪೂರ್ತಿ ಆನ್ ಆಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಷ್ಟು ವೋಲ್ಟೇಜಿಗೆ 250 ಮೈಕ್ರೋಆಂಪ್ ಹರಿಯಲು ಶುರುವಾಗುತ್ತದೆ ಅಂತ ಮಾತ್ರ ಅದರ ಅರ್ಥ. ಆನ್ ಆದಾಗಿನ ರೆಸಿಸ್ಟೆನ್ಸ್ 17.5 ಮಿಲಿಓಮ್ ಎಂಬ ಹೆಸರುವಾಸಿ ಸಂಖ್ಯೆ ಬರುವುದು ಗೇಟಿಗೆ 10 ವೋಲ್ಟ್ ಕೊಟ್ಟಾಗ. ನಿಮ್ಮ ಇಎಸ್‌ಪಿ32 ಕೊಡುವುದು 3.3 ವೋಲ್ಟ್. ಹಾಗಾಗಿ ಮಾಸ್ಫೆಟ್ ಅರ್ಧಂಬರ್ಧ ಆನ್ ಆಗಿ ನಿಲ್ಲುತ್ತದೆ. ಅದರ ಮೇಲೆ 2 ವೋಲ್ಟ್ ಉಳಿದು 0.7 ಆಂಪ್ ಹರಿದರೆ 1.4 ವ್ಯಾಟ್ ಶಾಖ. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜು ಒಂದು ವ್ಯಾಟಿಗೆ ಸುಮಾರು 62 ಡಿಗ್ರಿ ಏರುತ್ತದೆ. ಅಂದರೆ ಸುತ್ತಲಿನ ಗಾಳಿಗಿಂತ ಸುಮಾರು 87 ಡಿಗ್ರಿ ಜಾಸ್ತಿ. ಕೈ ಸುಡದೆ ಇನ್ನೇನಾಗಬೇಕು? ಗಾಜಿಗೆ ಸೇರಬೇಕಾದ ಶಾಖ ಮಾಸ್ಫೆಟ್‌ನಲ್ಲಿ ಕಳೆದುಹೋಗುತ್ತಿದೆ. ಮೇಜಿನ ಮೇಲೆ ನೀವು ಹಾಕಿದ್ದು ಎಲ್‌ಇಡಿ. ಕೆಲವೇ ಮಿಲಿಆಂಪ್‌ಗೆ ಅರ್ಧ ಆನ್ ಆದ ಮಾಸ್ಫೆಟ್ಟೂ ಸಾಕು, ಹಾಗಾಗಿ ತಪ್ಪು ಗೊತ್ತಾಗಲಿಲ್ಲ.

ಇದಕ್ಕೆ ಎರಡು ದಾರಿ. ಇಎಸ್‌ಪಿ32 ಬೇಕೇ ಬೇಕು ಅಂದರೆ ಐಆರ್‌ಎಲ್‌ಜಡ್44ಎನ್ ತನ್ನಿ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಆದರೆ ಇದು ಲಾಜಿಕ್ ಲೆವೆಲ್ ಮಾಸ್ಫೆಟ್. ಗೇಟಿಗೆ 4 ವೋಲ್ಟ್ ಕೊಟ್ಟರೂ 35 ಮಿಲಿಓಮ್ ಒಳಗಿರುತ್ತದೆ. 3.3 ವೋಲ್ಟಿಗೆ ಡೇಟಾಶೀಟಿನ ಭರವಸೆ ಇಲ್ಲದಿದ್ದರೂ ಒಂದು ಆಂಪ್ ಒಳಗಿನ ಹೀಟರಿಗೆ ನಡೆಯುತ್ತದೆ. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ: ಸದ್ಯಕ್ಕೆ ಇಎಸ್‌ಪಿ32 ತೆಗೆದಿಡಿ, 555 ಎಂಬ ಟೈಮರ್ ಚಿಪ್ ಹಾಕಿ, ಹೀಟರನ್ನು ಆನ್-ಆಫ್ ಮಾಡುತ್ತಿರಲು ಅದು ಸಾಕು. ಗಾಜನ್ನು ಬೆಚ್ಚಗಿಡಲು ವೈ-ಫೈ ಬೇಕಿಲ್ಲ. 1971ರಲ್ಲಿ ಹ್ಯಾನ್ಸ್ ಕ್ಯಾಮೆಂಜಿಂಡ್ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ ಈ ಚಿಪ್ ಇವತ್ತಿಗೂ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. 12 ವೋಲ್ಟಿನಲ್ಲಿ ನೇರವಾಗಿ ಓಡುತ್ತದೆ, ಔಟ್‌ಪುಟ್ ಸುಮಾರು ಹತ್ತೂವರೆ ವೋಲ್ಟ್ ಬರುತ್ತದೆ. ಅಷ್ಟು ಸಿಕ್ಕರೆ ನಿಮ್ಮ ಕೈಲಿರುವ ಐಆರ್‌ಎಫ್‌ಜಡ್44ಎನ್ ಪೂರ್ತಿ ಆನ್ ಆಗುತ್ತದೆ, ಶಾಖ ನೂರನೇ ಒಂದು ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಹೀಟ್‌ಸಿಂಕ್ ಬೇಡವೇ ಬೇಡ.

ಇನ್ನು ಮೌಂಟ್ ರೀಸೆಟ್ ಆಗುವುದು. ಇದರಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಬರೀ ತಾಮ್ರದ ಲೆಕ್ಕ. 7/36 ಅಂದರೆ 36 ಗೇಜಿನ ಏಳು ಎಳೆ. ಎಲ್ಲ ಸೇರಿ ಸುಮಾರು 0.2 ಚದರ ಮಿ.ಮೀ. ತಾಮ್ರ. ಮೀಟರಿಗೆ ಸುಮಾರು 84 ಮಿಲಿಓಮ್. 5 ಮೀಟರ್ ಹೋಗಲು, 5 ಮೀಟರ್ ಬರಲು, ಒಟ್ಟು 10 ಮೀಟರ್. ಅಂದರೆ 0.84 ಓಮ್. ಹೀಟರ್ ಮತ್ತು ಮೌಂಟ್ ಸೇರಿ 2 ಆಂಪ್ ಎಳೆದರೆ ವೈರಿನಲ್ಲೇ 1.7 ವೋಲ್ಟ್ ಖರ್ಚು. ಬ್ಯಾಟರಿ ತುದಿಯಲ್ಲಿ 12.2 ಇದ್ದದ್ದು ಮೌಂಟ್ ತುದಿಯಲ್ಲಿ 10.5 ಆಗುತ್ತದೆ. ಹಲವು ಗೋಟೂ (ಹೇಳಿದ ಗುರಿಗೆ ತಾನೇ ತಿರುಗುವ) ಮೌಂಟ್‌ಗಳ ಕೈಪಿಡಿಯಲ್ಲಿ ಕನಿಷ್ಠ 11 ವೋಲ್ಟ್ ಬೇಕು ಎಂದಿರುತ್ತದೆ. ಹೀಟರ್ ಆನ್ ಇರುವಾಗ ಮೋಟರ್ ಜೋರಾಗಿ ತಿರುಗಿದರೆ ರೀಸೆಟ್ ಆಗಲೇಬೇಕು.

ಮನೆ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ವೈರ್ ಹಾಕಿ. ಅದೇ 10 ಮೀಟರಿಗೆ 0.12 ಓಮ್ ಅಷ್ಟೇ, 2 ಆಂಪ್‌ಗೆ ಕಾಲು ವೋಲ್ಟ್ ಮಾತ್ರ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹೀಟರಿಗೆ ಒಂದು ಜೋಡಿ, ಮೌಂಟಿಗೆ ಬೇರೆ ಜೋಡಿ, ಎರಡೂ ಬ್ಯಾಟರಿ ಟರ್ಮಿನಲ್ಲಿನವರೆಗೆ ಪ್ರತ್ಯೇಕವಾಗಿ ಹೋಗಲಿ. ನೆಗೆಟಿವ್ ಕೂಡ ಪ್ರತ್ಯೇಕ. ಒಂದೇ ನೆಗೆಟಿವ್ ವೈರನ್ನು ಇಬ್ಬರೂ ಹಂಚಿಕೊಂಡರೆ ಹೀಟರ್ ಆನ್-ಆಫ್ ಆದಾಗೆಲ್ಲ ಮೌಂಟಿನ ನೆಗೆಟಿವ್ ಮಟ್ಟವೇ ಮೇಲೆ ಕೆಳಗೆ ಆಡುತ್ತದೆ. ಕ್ಯಾಮೆರಾ ಸೇರಿಸಿದ ಮೇಲೆ ಚಿತ್ರದಲ್ಲಿ ಗೆರೆ ಬರುತ್ತದೆ ಅಂತ ದೂರುವವರಲ್ಲಿ ಎಷ್ಟೋ ಮಂದಿಗೆ ಔಷಧಿ ಇದೇ. ಪ್ರತಿ ಜೋಡಿಗೂ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಹೀಟರ್ ಜೋಡಿಗೆ 3 ಆಂಪ್ ಸಾಕು. ಫ್ಯೂಸನ್ನು ಟೆಲಿಸ್ಕೋಪ್ ತುದಿಯಲ್ಲಿ ಹಾಕಿದರೆ ನಡುವಿನ 5 ಮೀಟರ್ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

ಇನ್ನು ಬ್ರೆಡ್‌ಬೋರ್ಡ್. ಅದು ಯೋಚನೆ ಮಾಡಲು ಇರುವ ಸಾಧನ, ಬಳಸಲು ಅಲ್ಲ. ಒಳಗಿನ ಸ್ಪ್ರಿಂಗ್ ಕ್ಲಿಪ್ಪುಗಳು ಬರೀ ಒತ್ತಡದ ಮೇಲೆ ನಿಂತಿರುತ್ತವೆ. ಒಂದು ಆಂಪ್ ಅವಕ್ಕೆ ಭಾರವೇ. ಇಬ್ಬನಿ ಕೂರುವ ಜಾಗದಲ್ಲಿ ಒಂದು ಚಳಿಗಾಲ ಕಳೆದರೆ ಪಿನ್ನುಗಳ ಮೇಲೆ ಪೊರೆ ಕಟ್ಟುತ್ತದೆ. ಆಮೇಲೆ ಬೋರ್ಡ್ ಮುಟ್ಟಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಇಬ್ಬನಿಯ ಬಗ್ಗೆ ಎರಡು ಮಾತು ಹೇಳಿ ವೈರಿಂಗಿಗೆ ಬರುತ್ತೇನೆ, ಯಾಕೆಂದರೆ ಹೀಟರ್ ಎಷ್ಟು ದೊಡ್ಡದಿರಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಗಾಜು ತಣ್ಣಗಾಗುವುದು ಗಾಳಿಯಿಂದಲ್ಲ. ತಿಳಿಯಾದ ಆಕಾಶಕ್ಕೆ ಅದು ತನ್ನ ಶಾಖವನ್ನು ಸೂಸುತ್ತದೆ, ಹಾಗಾಗಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರ ತಾಪ ಇಬ್ಬನಿ ಬಿಂದುವಿಗಿಂತ ಕೆಳಗೆ ಇಳಿದ ಕೂಡಲೇ ನೀರು ಕೂರುತ್ತದೆ. ತೇವಾಂಶ ಶೇ. 50ಕ್ಕಿಂತ ಜಾಸ್ತಿ ಇದ್ದಾಗ ಸುಲಭದ ಲೆಕ್ಕ ಒಂದಿದೆ: 100ರಿಂದ ತೇವಾಂಶ ಕಳೆದು 5ರಿಂದ ಭಾಗಿಸಿ, ಬಂದದ್ದನ್ನು ಗಾಳಿಯ ತಾಪದಿಂದ ಕಳೆಯಿರಿ. 20 ಡಿಗ್ರಿ, ಶೇ. 90 ತೇವಾಂಶ ಇದ್ದರೆ ಇಬ್ಬನಿ ಬಿಂದು 18. ಅಂದರೆ ಗಾಜು ಎರಡೇ ಡಿಗ್ರಿ ತಣ್ಣಗಾದರೆ ಸಾಕು, ಕೆಲಸ ಕೆಟ್ಟಿತು. ಹಾಗೇ ಅದನ್ನು ತಡೆಯಲೂ ಒಂದೆರಡು ಡಿಗ್ರಿ ಸಾಕು. ಜಾಸ್ತಿ ಕಾಸಿದರೆ ಗಾಜಿನ ಮುಂದೆ ಬಿಸಿಗಾಳಿ ಏಳುತ್ತದೆ, ಗುರು ಗ್ರಹದ ಪಟ್ಟಿಗಳು ಕದಡಿ ಹೋಗುತ್ತವೆ. ಇದೆಲ್ಲಕ್ಕೂ ಮೊದಲು ಒಂದು ಡ್ಯೂ ಶೀಲ್ಡ್ ಮಾಡಿ: ಯೋಗ ಮ್ಯಾಟ್ ಕತ್ತರಿಸಿ ಮುಂದೆ ಸುಮಾರು ಒಂದಡಿ ಚಾಚುವ ಹಾಗೆ ಸುತ್ತಿ. ಗಾಜಿಗೆ ಕಾಣುವ ಆಕಾಶ ಕಡಿಮೆಯಾಗುತ್ತದೆ, ಹೀಟರಿನ ಕೆಲಸ ಹಗುರವಾಗುತ್ತದೆ.

ಹೀಟರನ್ನು ಕೂಡ ಕೈಯಲ್ಲೇ ಮಾಡಬಹುದು. ಹೀಟರುಗಳಲ್ಲಿ ಬಳಸುವ ನೈಕ್ರೋಮ್ ತಂತಿಗೆ ಸೋಲ್ಡರ್ ಹಿಡಿಯುವುದಿಲ್ಲ, ಕ್ರಿಂಪ್ (ಒತ್ತಿ ಬಿಗಿಯುವುದು) ಮಾಡಬೇಕು, ಅದು ಮೊದಲ ಸಲ ಮಾಡುವವರಿಗೆ ತಲೆನೋವು. ರೆಸಿಸ್ಟರ್ ಸುಲಭ. 470 ಓಮ್, ಅರ್ಧ ವ್ಯಾಟಿನವು 30 ತನ್ನಿ. 12 ವೋಲ್ಟಿಗೆ ಒಂದೊಂದೂ 0.3 ವ್ಯಾಟ್ ಶಾಖ ಕೊಡುತ್ತದೆ. ಚಾರ್ಜರ್ ಹಾಕಿ 13.8 ವೋಲ್ಟ್ ಬಂದರೂ 0.4 ವ್ಯಾಟ್, ಅರ್ಧದ ಒಳಗೇ ಇದೆ. ಮೂವತ್ತೂ ಸೇರಿ ಸುಮಾರು 9 ವ್ಯಾಟ್, ಮುಕ್ಕಾಲು ಆಂಪ್ ಕರೆಂಟು. 8 ಇಂಚಿನ ಟೆಲಿಸ್ಕೋಪಿನ ಮುಂಭಾಗದ ಸುತ್ತಳತೆ ಸುಮಾರು 72 ಸೆಂ.ಮೀ. ಎರಡು ಉದ್ದ ತಾಮ್ರದ ತಂತಿ ಎಳೆದು, ನಡುವೆ 24 ಮಿ.ಮೀ.ಗೆ ಒಂದರಂತೆ ರೆಸಿಸ್ಟರ್ ಅಡ್ಡ ಕೂರಿಸಿ. ಎಲ್ಲವೂ ಪ್ಯಾರಲಲ್, ಹಾಗಾಗಿ ಒಂದು ರೆಸಿಸ್ಟರಿನ ಜಾಯಿಂಟ್ ಬಿಟ್ಟರೂ ಉಳಿದ 29 ಕೆಲಸ ಮಾಡುತ್ತಲೇ ಇರುತ್ತವೆ. ಮೇಲೆ ಕ್ಯಾಪ್ಟಾನ್ ಟೇಪು, ಅದರ ಮೇಲೆ ಬಟ್ಟೆಯ ಪಟ್ಟಿ, ತುದಿಯಲ್ಲಿ ವೆಲ್ಕ್ರೋ. ಗಾಜಿನ ಮೇಲಲ್ಲ, ಗಾಜು ಕೂತಿರುವ ಲೋಹದ ಬಳೆಯ ಹೊರಗೆ ಸುತ್ತಬೇಕು.

ಈಗ ಬೋರ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಜೀರೋ ಪಿಸಿಬಿ ಅಂತ ಕೇಳಿದರೆ ಕೊಡುತ್ತಾರೆ. ಹೆಸರಷ್ಟೇ ಪಿಸಿಬಿ, ಅದರಲ್ಲಿ ಬರೀ ತೂತುಗಳಿರುತ್ತವೆ, ವೈರಿಂಗ್ ನಾವೇ ಮಾಡಬೇಕು. ಕಂದು ಬಣ್ಣದ್ದು ಅಗ್ಗ, ಆದರೆ ಬೇಡ. ಅದು ಕಾಗದದ ಬೋರ್ಡು. ಸ್ವಲ್ಪ ಹೊತ್ತು ಜಾಸ್ತಿ ಬಿಸಿ ಮಾಡಿದರೆ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ, ತೇವವನ್ನೂ ಹೀರುತ್ತದೆ. ಹಸಿರು ಬಣ್ಣದ, ತೂತಿನ ಒಳಗೂ ಲೋಹ ಲೇಪಿಸಿದ ಗ್ಲಾಸ್-ಎಪಾಕ್ಸಿ ಬೋರ್ಡ್ ತನ್ನಿ. ತೂತುಗಳ ಅಂತರ 2.54 ಮಿ.ಮೀ., ಐಸಿಯ ಕಾಲುಗಳಿಗೆ ಸರಿಯಾಗಿ ಹೊಂದುತ್ತದೆ.

ಸೋಲ್ಡರ್ ಮಾಡುವ ಮೊದಲು ಒಂದು ಸಂಜೆಯನ್ನು ಗ್ರಾಫ್ ಹಾಳೆಗೆ ಕೊಡಿ. ಘಟಕಗಳನ್ನು ಮೇಲಿನಿಂದ ಕಾಣುವಂತೆ ಬರೆದು, ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಈಗ ಕಾಣುವುದೇ ನೀವು ವೈರಿಂಗ್ ಮಾಡುವ ಬದಿ. ಎಡ ಬಲ ಅದಲು ಬದಲಾಗಿರುತ್ತದೆ. ಆ ಗೆರೆಗಳನ್ನು ಹಿಂಬದಿಯಲ್ಲೇ ತಿದ್ದಿ, 555ರ ಒಂದನೇ ಪಿನ್ ಇರುವ ತೂತಿಗೆ ಬೋರ್ಡಿನ ಕೆಳಬದಿಯಲ್ಲೂ ಮಾರ್ಕರ್‌ನಿಂದ ಚುಕ್ಕೆ ಇಡಿ. ಕೈ ವೈರಿಂಗಿನ ಅರ್ಧಕ್ಕರ್ಧ ತಪ್ಪು ಈ ಎಡ-ಬಲದ ಗೊಂದಲದಿಂದಲೇ ಬರುತ್ತದೆ.

ಸರ್ಕ್ಯೂಟ್ ಹೀಗೆ. ಪಿನ್ 8 ಮತ್ತು 4 ಪಾಸಿಟಿವ್‌ಗೆ, ಪಿನ್ 1 ನೆಗೆಟಿವ್‌ಗೆ. ಪಿನ್ 2 ಮತ್ತು 6 ಸೇರಿಸಿ ಅಲ್ಲಿಂದ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ನೆಗೆಟಿವ್‌ಗೆ. ಪಿನ್ 5ರಿಂದ 10 ನ್ಯಾನೋಫ್ಯಾರಡ್ ನೆಗೆಟಿವ್‌ಗೆ. ಪಿನ್ 7 ಖಾಲಿ. ಔಟ್‌ಪುಟ್ ಆದ ಪಿನ್ 3ರಿಂದ 1 ಕಿಲೋಓಮ್ ಮೂಲಕ, ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್ ಆದ 100 ಕಿಲೋಓಮ್ ಪಾಟ್‌ನ ನಡುವಿನ ಕಾಲಿಗೆ. ಪಾಟ್‌ನ ಎರಡು ತುದಿಗಳಿಂದ ಎರಡು 1ಎನ್4148 ಡಯೋಡು, ಒಂದು ಹೋಗುವ ಮುಖ, ಇನ್ನೊಂದು ಬರುವ ಮುಖ, ಎರಡೂ ಪಿನ್ 2-6ರ ಜಾಯಿಂಟಿಗೆ. ಪಾಟ್ ತಿರುಗಿಸಿದರೆ ಆನ್ ಇರುವ ಹೊತ್ತು ಜಾಸ್ತಿಯಾದಷ್ಟು ಆಫ್ ಇರುವ ಹೊತ್ತು ಕಡಿಮೆ. ಒಂದು ಸುತ್ತಿಗೆ ಸುಮಾರು 0.7 ಸೆಕೆಂಡು. ಹೀಟರಿಗೆ ಇಷ್ಟು ನಿಧಾನ ಸಾಕು, ಗಾಜು ಅದಕ್ಕಿಂತ ಎಷ್ಟೋ ನಿಧಾನ. ಪಿನ್ 3ರಿಂದಲೇ 100 ಓಮ್ ಮೂಲಕ ಮಾಸ್ಫೆಟ್ ಗೇಟಿಗೆ, ಗೇಟಿನಿಂದ 10 ಕಿಲೋಓಮ್ ಸೋರ್ಸಿಗೆ (ಕರೆಂಟು ಮಾಸ್ಫೆಟ್ ಒಳಗೆ ಹೋಗುವ ಕಾಲು ಡ್ರೇನ್, ಹೊರಬರುವ ಕಾಲು ಸೋರ್ಸ್). ಈ ಕೊನೆಯ ರೆಸಿಸ್ಟರನ್ನು ಬಿಡಬೇಡಿ. ಐಸಿ ಸಾಕೆಟ್‌ನಿಂದ ಹೊರಗೆ ಬಂದರೂ, ಮುಂದೆ ಇಎಸ್‌ಪಿ32 ಹಾಕಿ ಅದು ಬೂಟ್ ಆಗುತ್ತಿದ್ದರೂ ಗೇಟ್ ತೇಲಾಡದಂತೆ ಹಿಡಿದಿಡುವುದು ಅದೇ.

ಹಳೆಯ ಬೈಪೋಲಾರ್ 555ಗೆ ಒಂದು ಗುಣವಿದೆ. ಔಟ್‌ಪುಟ್ ಬದಲಾಗುವ ಕ್ಷಣದಲ್ಲಿ ಅದು ಸಪ್ಲೈನಿಂದ ದೊಡ್ಡ ಕರೆಂಟನ್ನು ಒಂದು ಚಿಟಿಕೆ ಹೊತ್ತು ಎಳೆಯುತ್ತದೆ. ಅದಕ್ಕಾಗಿ ಪಿನ್ 8 ಮತ್ತು 1ರ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರನ್ನು ಸಾಕೆಟ್ಟಿಗೆ ಅಂಟಿಕೊಂಡಂತೆ ಹಾಕಿ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಹಾಕಿದರೆ ಸುಮ್ನೆ ಅಲಂಕಾರಕ್ಕೆ ಇಟ್ಟಂತೆ.

ದಪ್ಪ ಕರೆಂಟಿನ ದಾರಿ ಮತ್ತು ಸಣ್ಣ ಕರೆಂಟಿನ ದಾರಿ ಬೇರೆ ಬೇರೆ ಇರಬೇಕು. ಹೀಟರಿನ ಕರೆಂಟು ಹೋಗುವುದು ಹೀಗೆ: ಪಾಸಿಟಿವ್ ಟರ್ಮಿನಲ್‌ನಿಂದ ಹೀಟರಿಗೆ, ಹೀಟರಿನಿಂದ ಡ್ರೇನಿಗೆ, ಸೋರ್ಸಿನಿಂದ ನೆಗೆಟಿವ್ ಟರ್ಮಿನಲ್ಲಿಗೆ. ಈ ದಾರಿಗೆ ಬೋರ್ಡಿನ ಪ್ಯಾಡುಗಳನ್ನು ನಂಬಬೇಡಿ. ಒಂದು ಮಿ.ಮೀ. ದಪ್ಪದ ತವರ ಲೇಪಿಸಿದ ತಾಮ್ರದ ತಂತಿಯನ್ನು ಬೋರ್ಡಿನ ಕೆಳಗೆ ಟರ್ಮಿನಲ್‌ನಿಂದ ಮಾಸ್ಫೆಟ್ ಕಾಲಿನವರೆಗೆ ಒಂದೇ ತುಂಡಾಗಿ ಎಳೆಯಿರಿ. 555ರ ನೆಗೆಟಿವ್ ಈ ದಪ್ಪ ತಂತಿಗೆ ಒಂದೇ ಜಾಗದಲ್ಲಿ ಸೇರಲಿ, ಸೋರ್ಸ್ ಕಾಲಿನ ಬುಡದಲ್ಲಿ. ಪಾಸಿಟಿವ್ ಮತ್ತು ನೆಗೆಟಿವ್ ನಡುವೆ, ಫ್ಯೂಸಿನ ನಂತರ, 1ಎನ್5408 ಡಯೋಡನ್ನು ಉಲ್ಟಾ ಹಾಕಿ. ಕತ್ತಲಲ್ಲಿ ಬ್ಯಾಟರಿ ಉಲ್ಟಾ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ.

ಜಾಯಿಂಟಿನ ವಿಷಯಕ್ಕೆ ಸ್ವಲ್ಪ ಹತ್ತಿರ ಹೋಗೋಣ. ಸೋಲ್ಡರ್ 63/37 (ಶೇ. 63 ತವರ, ಶೇ. 37 ಸೀಸ) ಸಿಕ್ಕರೆ ಒಳ್ಳೆಯದು. ಅದು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ನಡುವೆ ಸ್ವಲ್ಪ ಹೊತ್ತು ಗಂಜಿಯಾಗಿ ನಿಲ್ಲುತ್ತದೆ, ಆಗ ವೈರ್ ಅಲುಗಿದರೆ ಜಾಯಿಂಟ್ ಒಳಗೇ ಬಿರುಕು. ಐರನ್ 330ರಿಂದ 350 ಡಿಗ್ರಿ ಇರಲಿ. ತುದಿ ಪ್ಯಾಡನ್ನೂ ಕಾಲನ್ನೂ ಒಟ್ಟಿಗೆ ಮುಟ್ಟಬೇಕು. ಒಂದು, ಎರಡು ಅಂತ ಎಣಿಸಿ, ಸೋಲ್ಡರನ್ನು ಐರನ್ನಿಗಲ್ಲ, ಅದರ ಎದುರು ಬದಿಗೆ ತಾಗಿಸಿ. ಕಾಲು ಸಾಕಷ್ಟು ಕಾದಿದ್ದರೆ ಸೋಲ್ಡರ್ ತಾನೇ ಸುತ್ತ ಓಡಿ ಬರುತ್ತದೆ. ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್. ಆರಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಅಂಚು ಪ್ಯಾಡಿನ ಮೇಲೆ ತೆಳ್ಳಗೆ ಹರಡಿ, ಕಾಲಿನ ಕಡೆಗೆ ಒಳಬಾಗಿ ಏರಿದ್ದರೆ ಅದು ಗಟ್ಟಿ ಜಾಯಿಂಟ್. ಸಾಬಕ್ಕಿ ಕಾಳಿನಂತೆ ಉಂಡೆಯಾಗಿ ಕೂತಿದ್ದರೆ ಅದು ಮೇಲೆ ಕೂತಿದೆ ಅಷ್ಟೇ, ಹಿಡಿದಿಲ್ಲ. ಸ್ವಲ್ಪ ಫ್ಲಕ್ಸ್ ಹಾಕಿ ಮತ್ತೆ ಕಾಯಿಸಿ. ನಲ್ಲಿ ರಿಪೇರಿಯವರು ಬಳಸುವ ಆಸಿಡ್ ಫ್ಲಕ್ಸನ್ನು ಮಾತ್ರ ಹತ್ತಿರ ತರಬೇಡಿ, ಅದು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಎಲ್ಲ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಬ್ರಶ್‌ನಿಂದ ತೊಳೆಯಿರಿ.

ತುಂಬಾ ಅನುಭವಸ್ಥರೂ ಮಾಡುವ ಒಂದು ತಪ್ಪಿದೆ. ಎಳೆಎಳೆ ವೈರಿನ ತುದಿಗೆ ಸೋಲ್ಡರ್ ತುಂಬಿಸಿ ಸ್ಕ್ರೂ ಟರ್ಮಿನಲ್ಲಿಗೆ ಬಿಗಿಯುವುದು. ನೋಡಲು ನೀಟಾಗಿರುತ್ತದೆ. ಆದರೆ ಸೋಲ್ಡರ್ ಮೆತ್ತಗಿನ ಲೋಹ. ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಿದು ಜಾಗ ಬಿಡುತ್ತದೆ, ಕೆಲವು ತಿಂಗಳಲ್ಲಿ ಬಿಗಿ ಸಡಿಲವಾಗುತ್ತದೆ. ಸ್ಕ್ರೂ ಟರ್ಮಿನಲ್ಲಿಗೆ ಬರೀ ತಾಮ್ರ ಹಾಕಿ, ಇಲ್ಲವೇ ಫೆರೂಲ್ (ವೈರಿನ ತುದಿಗೆ ಹಾಕುವ ಸಣ್ಣ ಲೋಹದ ಕೊಳವೆ) ಕ್ರಿಂಪ್ ಮಾಡಿ.

ಜಾಯಿಂಟಿಗೆ ಇಷ್ಟೊಂದು ಮಹತ್ವ ಯಾಕೆ ಅಂದರೆ, ಖಗೋಳ ವಿಜ್ಞಾನದ ದೊಡ್ಡ ಕೆಲಸಗಳೂ ಇದರ ಮೇಲೇ ನಿಂತಿವೆ. 1967ರಲ್ಲಿ ಜೋಸೆಲಿನ್ ಬೆಲ್ ಪಲ್ಸಾರ್ (ನಾಡಿಯಂತೆ ಮಿಡಿಯುವ ರೇಡಿಯೋ ಅಲೆ ಕಳಿಸುವ ನಕ್ಷತ್ರ) ಕಂಡದ್ದು ಕೇಂಬ್ರಿಜ್ ಹತ್ತಿರ ಅವರೂ ಜೊತೆಯವರೂ ಕೈಯಾರೆ ಕಟ್ಟಿದ ಆಂಟೆನಾದಿಂದ. ನಾಲ್ಕೂವರೆ ಎಕರೆ, ಎರಡು ಸಾವಿರಕ್ಕೂ ಮೀರಿದ ಡೈಪೋಲ್ (ಬಿಡಿ ಆಂಟೆನಾ), ಸುಮಾರು 190 ಕಿ.ಮೀ. ವೈರು ಮತ್ತು ಕೇಬಲ್. ಚಾರ್ಟಿನ ಮೇಲೆ ವಿಚಿತ್ರ ಗುರುತು ಬಂದಾಗ ಅದು ಆಕಾಶದ್ದೋ ಮನುಷ್ಯರದ್ದೋ ಅಂತ ಅವರು ತಿಂಗಳುಗಟ್ಟಲೆ ಪರೀಕ್ಷಿಸಬೇಕಾಯಿತು. ಜಾಯಿಂಟುಗಳು ಅಲ್ಲಲ್ಲಿ ಸಡಿಲವಿದ್ದಿದ್ದರೆ ಅಷ್ಟು ಸಣ್ಣ ಗುರುತನ್ನು ಯಾರು ನಂಬುತ್ತಿದ್ದರು? ನಮ್ಮ ಗೌರಿಬಿದನೂರಿನ ಡೆಕಾಮೀಟರ್ ತರಂಗ ರೇಡಿಯೋ ದೂರದರ್ಶಕದಲ್ಲಿ 1000 ಡೈಪೋಲ್‌ಗಳು ಇಂಗ್ಲಿಷಿನ ಟಿ ಆಕಾರದಲ್ಲಿದ್ದವು, ಪೂರ್ವ-ಪಶ್ಚಿಮ ತೋಳೊಂದೇ 1.4 ಕಿ.ಮೀ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತಯಾರಿಸಿದ ಆ ದೂರದರ್ಶಕ ಬಿಸಿಲು, ಮಳೆ, ಬಯಲಿನ ಗಾಳಿಗೆ ಮೈಯೊಡ್ಡಿ ನಿಂತಿತ್ತು. ಅದನ್ನು ನಡೆಸುವುದೆಂದರೆ ಜಾಯಿಂಟುಗಳನ್ನು ಕಾಯುವುದೇ ಆಗಿತ್ತು.

ಹಾಗಾದರೆ ಪಿಸಿಬಿ ಯಾವಾಗ ಬೇಕು? ಒಂದೇ ಬೋರ್ಡ್ ಹತ್ತು ಜನಕ್ಕೆ ಬೇಕಾದಾಗ. ಲಕ್ಷಗಟ್ಟಲೆ ಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಪವರ್ ಕನ್ವರ್ಟರ್ ಇದ್ದಾಗ. ಅಕ್ಕಪಕ್ಕದ ಕಾಲುಗಳೇ ಕಾಣದಷ್ಟು ಸಣ್ಣ ಚಿಪ್ ಇದ್ದಾಗ. ಇದಕ್ಕೆ ಉಲ್ಟಾ ಕೆಲಸಗಳೂ ಇವೆ. ನಕ್ಷತ್ರದ ಬೆಳಕು ಅಳೆಯುವ ಫೋಟೋಡಯೋಡ್ ಆಂಪ್ಲಿಫೈಯರ್ ಮಾಡಿದರೆ ಕರೆಂಟು ಪಿಕೋಆಂಪ್ ಮಟ್ಟದಲ್ಲಿರುತ್ತದೆ. ತೇವ ಹಿಡಿದ ಬೋರ್ಡಿನ ಮೇಲ್ಮೈಯಲ್ಲಿ ಸೋರುವ ಕರೆಂಟೇ ಅದಕ್ಕಿಂತ ಜಾಸ್ತಿ. ಅಲ್ಲಿ ಆಂಪ್ಲಿಫೈಯರ್ ಚಿಪ್ ಆದ ಆಪ್-ಆಂಪ್‌ನ ಇನ್‌ಪುಟ್ ಕಾಲನ್ನು ಬೋರ್ಡಿಗೆ ತಾಗಿಸದೆ ಮೇಲಕ್ಕೆ ಬಗ್ಗಿಸಿ, ಗಾಳಿಯಲ್ಲೇ ಫೋಟೋಡಯೋಡಿಗೆ ಸೇರಿಸುತ್ತಾರೆ. ಅಂಥ ಜಾಗದಲ್ಲಿ ಕೈ ವೈರಿಂಗ್ ಸಾಮಾನ್ಯ ಪಿಸಿಬಿಯನ್ನೇ ಮೀರಿಸುತ್ತದೆ.

ಪೆಟ್ಟಿಗೆ ಪ್ಲಾಸ್ಟಿಕ್‌ದೇ ಇರಲಿ, ಧೂಳು, ನೀರು ತಡೆಯುವ ಐಪಿ65 ದರ್ಜೆಯದು. ಇದಕ್ಕೆ ಕಾರಣ ಬರೀ ನೀರಲ್ಲ. ನಿಮ್ಮ ಸರ್ಕ್ಯೂಟಿನಲ್ಲಿ ಮಾಸ್ಫೆಟ್ ಇರುವುದು ನೆಗೆಟಿವ್ ಬದಿಯಲ್ಲಿ. ಹೀಟರಿಗೆ ಆರ್‌ಸಿಎ ಸಾಕೆಟ್ ಬಳಸುವುದು ರೂಢಿ. ಅದರ ಹೊರಗಿನ ಬಳೆ ಹೋಗುವುದು ಡ್ರೇನಿಗೆ. ಲೋಹದ ಪೆಟ್ಟಿಗೆಗೆ ಅದನ್ನು ಬಿಗಿದು, ಆ ಪೆಟ್ಟಿಗೆ ಮೌಂಟಿಗೆ ತಾಗಿ, ಮೌಂಟಿನ ಮೈ ಬ್ಯಾಟರಿ ನೆಗೆಟಿವ್‌ಗೆ ಸೇರಿದ್ದರೆ ಕರೆಂಟು ಮಾಸ್ಫೆಟ್ಟನ್ನು ಬಿಟ್ಟು ಹೊರಗಿನಿಂದಲೇ ಹೋಗುತ್ತದೆ. ನಾಬ್ ಎಲ್ಲಿ ತಿರುಗಿಸಿದರೂ ಹೀಟರ್ ಪೂರ್ತಿ ಆನ್. ಎಷ್ಟು ಹುಡುಕಿದರೂ ಸರ್ಕ್ಯೂಟಿನಲ್ಲಿ ತಪ್ಪು ಸಿಗುವುದಿಲ್ಲ.

ಕೇಬಲ್‌ಗಳು ಪೆಟ್ಟಿಗೆಯ ಕೆಳಬದಿಯಿಂದ ಒಳಗೆ ಬರಲಿ, ಬರುವ ಮೊದಲು ಸ್ವಲ್ಪ ಕೆಳಕ್ಕೆ ಜೋತು ಮೇಲೆ ಏರಲಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತಳದಲ್ಲಿ ಎರಡು ಮಿ.ಮೀ. ತೂತು ಕೊರೆದು ಸಣ್ಣ ಜಾಲರಿ ಅಂಟಿಸಿ. ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೂ ರಾತ್ರಿ ತಣ್ಣಗಾದಾಗ ನೀರು ಕೂರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಜಾಲರಿ ಇರುವೆಗಳಿಗಾಗಿ. ಮಲೆನಾಡಿನಲ್ಲಿ ಬೆಚ್ಚಗಿನ ಒಣ ಪೆಟ್ಟಿಗೆ ಕಂಡರೆ ಇರುವೆ ಬಿಡುತ್ತವಾ? ಮುಂದೆ ಶೆಡ್ಡಿನ ಛಾವಣಿಗೆ ಮೋಟರ್ ಹಾಕಿ ರಿಲೇ ಬಳಸಿದರೆ ಇದು ಇನ್ನೂ ಮುಖ್ಯ, ಕಾಂಟ್ಯಾಕ್ಟ್ ನಡುವೆ ಒಂದು ಇರುವೆ ಸಿಕ್ಕರೂ ರಿಲೇ ಕೈಕೊಡುತ್ತದೆ. ಆಗ ಛಾವಣಿ ತುದಿ ಮುಟ್ಟಿದಾಗ ಮೋಟರ್ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳನ್ನು ನಾರ್ಮಲಿ ಕ್ಲೋಸ್ಡ್ ಆಗಿ (ಒತ್ತದಿದ್ದಾಗ ಕರೆಂಟು ಹರಿಯುವಂತೆ) ಜೋಡಿಸಿ. ಇಲಿ ವೈರ್ ಕಡಿದರೂ ಛಾವಣಿ ನಿಲ್ಲುತ್ತದೆ, ಓಡಿಹೋಗುವುದಿಲ್ಲ.

ಬಣ್ಣದ ವಿಷಯ ವೀಕ್ಷಣಾಲಯದಲ್ಲಿ ಬೇರೆಯೇ. ನೀವು ರಾತ್ರಿ ಕೆಂಪು ಟಾರ್ಚಿನಲ್ಲಿ ಕೆಲಸ ಮಾಡುತ್ತೀರಿ. ಕೆಂಪು ಬೆಳಕಿನಲ್ಲಿ ಕೆಂಪು, ಕಿತ್ತಳೆ, ಹಳದಿ, ಬಿಳಿ ವೈರುಗಳೆಲ್ಲ ಒಂದೇ ಥರ ಕಾಣುತ್ತವೆ. ಹಾಗಾಗಿ ಬಣ್ಣ ನಂಬಬೇಡಿ. ಪಾಸಿಟಿವ್ ವೈರಿಗೆ ಕಪ್ಪು ಟೇಪಿನ ಎರಡು ಸುತ್ತು ಹಾಕಿ, ನೆಗೆಟಿವ್‌ಗೆ ಬೇಡ. ಹೀಟರ್, ಮೌಂಟ್, ಕ್ಯಾಮೆರಾಗೆ ಒಂದಕ್ಕೊಂದು ಕೂರದ ಬೇರೆ ಬೇರೆ ಕನೆಕ್ಟರ್ ಇರಲಿ, ಕೈ ಮುಟ್ಟಿದರೇ ಗೊತ್ತಾಗಬೇಕು. ಆನ್ ಆಗಿದೆ ಎಂದು ತೋರಿಸುವ ಎಲ್‌ಇಡಿ ಕೆಂಪು ಬಣ್ಣದ್ದು, ಅದಕ್ಕೆ 10 ಕಿಲೋಓಮ್. ಒಂದು ಮಿಲಿಆಂಪ್ ಅಷ್ಟೇ, ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದೂ ಧಾರಾಳ.

ಇಎಸ್‌ಪಿ32 ಮೇಲಿನ ಆಸೆ ಬಿಡಬೇಡಿ. ಈ ಹೀಟರ್ ಒಂದು ಚಳಿಗಾಲ ಓಡಲಿ, ಆಮೇಲೆ ತಾಪ ಮತ್ತು ತೇವಾಂಶದ ಸೆನ್ಸರ್ ಹಾಕಿ ಇಬ್ಬನಿ ಬಿಂದು ನೋಡಿಕೊಂಡು ತಾನೇ ನಡೆಯುವಂತೆ ಮಾಡಿ. ಆಗ ಐ2ಸಿ (ಚಿಪ್ಪುಗಳು ಮಾಹಿತಿ ಕಳಿಸಿಕೊಳ್ಳುವ ಒಂದು ಪದ್ಧತಿ) ಸೆನ್ಸರನ್ನು ಉದ್ದ ವೈರಿನ ತುದಿಗೆ ಹಾಕಬೇಡಿ. ಆ ಪದ್ಧತಿಯಲ್ಲಿ ವೈರುಗಳ ಕೆಪ್ಯಾಸಿಟೆನ್ಸಿಗೆ 400 ಪಿಕೋಫ್ಯಾರಡ್ ಮಿತಿ ಇದೆ, ನೆಟ್‌ವರ್ಕ್ ಕೇಬಲ್ ಮೀಟರಿಗೆ ಸುಮಾರು 50 ತಿನ್ನುತ್ತದೆ. ಸೆನ್ಸರ್ ಮತ್ತು ಬೋರ್ಡ್ ಎರಡೂ ಟೆಲಿಸ್ಕೋಪಿನ ಹತ್ತಿರವೇ ಇರಲಿ. ಇನ್ನು ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಕೆಲಸ ಮುಗಿದ ಮೇಲೆ ತಾರಸಿಯ ಎಲ್ಲ ಕೇಬಲ್‌ಗಳನ್ನೂ ಕೆಳಗಿನ ಕೋಣೆಯಲ್ಲಿ ಕಳಚಿಡಿ. 230 ವೋಲ್ಟ್ ತಾರಸಿಗೆ ತರುವುದಾದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿಯೇ ತನ್ನಿ, ಅದು ಹವ್ಯಾಸದ ಕೆಲಸ ಅಲ್ಲ.

ಮೊದಲ ಸಲ ಕರೆಂಟ್ ಕೊಡುವಾಗ 555ನ್ನು ಸಾಕೆಟ್‌ನಿಂದ ತೆಗೆದಿಡಿ. ಬ್ಯಾಟರಿಗೂ ಬೋರ್ಡಿಗೂ ನಡುವೆ ಕಾರಿನ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಸೀರೀಸಲ್ಲಿ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಬೋರ್ಡ್ ಉರಿಯುವುದಿಲ್ಲ. ಬಲ್ಬ್ ಆರಿಯೇ ಇದ್ದರೆ ಐಸಿ ಹಾಕಿ, ಬಲ್ಬ್ ತೆಗೆದು, ಹೀಟರ್ ಜೋಡಿಸಿ, ನಾಬನ್ನು ಪೂರ್ತಿ ತಿರುಗಿಸಿ. ಈಗ ಮಲ್ಟಿಮೀಟರನ್ನು 200 ಮಿಲಿವೋಲ್ಟ್‌ಗೆ ಇಟ್ಟು ಒಂದೊಂದೇ ಜಾಯಿಂಟಿನ ಎರಡೂ ಬದಿಗೆ ಮುಳ್ಳು ತಾಗಿಸಿ: ಟರ್ಮಿನಲ್, ಫ್ಯೂಸ್ ಹೋಲ್ಡರ್, ಆರ್‌ಸಿಎ, ಡ್ರೇನ್, ಸೋರ್ಸ್. ಮುಕ್ಕಾಲು ಆಂಪ್ ಹರಿಯುವಾಗ ಒಳ್ಳೆಯ ಜಾಯಿಂಟ್ ಒಂದೆರಡು ಮಿಲಿವೋಲ್ಟ್ ತೋರಿಸುತ್ತದೆ. ಫ್ಯೂಸಿನ ತಂತಿಗೆ ತನ್ನದೇ ಆದ ರೆಸಿಸ್ಟೆನ್ಸ್ ಇರುವುದರಿಂದ ಅಲ್ಲಿ ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ. ಬೇರೆ ಎಲ್ಲಾದರೂ 50 ಬಂದರೆ ಅಲ್ಲಿ 60 ಮಿಲಿಓಮ್‌ಗಿಂತ ಜಾಸ್ತಿ ಕೂತಿದೆ, ಅದನ್ನು ಬಿಚ್ಚಿ ಮತ್ತೆ ಮಾಡಿ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಟೆಲಿಸ್ಕೋಪ್ ಇಲ್ಲದೆ ಒಂದು ರಾತ್ರಿ ಪೆಟ್ಟಿಗೆಯನ್ನೂ ಹೀಟರನ್ನೂ ತಾರಸಿಯಲ್ಲಿ ಆನ್ ಮಾಡಿ ಬಿಟ್ಟು, ಬೆಳಗ್ಗೆ ಇಬ್ಬನಿ ಆರುವ ಮೊದಲೇ ಮತ್ತೊಮ್ಮೆ ಅಳೆಯಿರಿ. ಅಂಕಿಗಳು ಬದಲಾಗದಿದ್ದರೆ ಮಾರನೇ ರಾತ್ರಿಯೇ ಟೆಲಿಸ್ಕೋಪಿಗೆ ಕಟ್ಟಬಹುದು.